ಸಿಗ್ನಲ್ ಮೇಡಂ ಅವರ ಅಂಗೈ

ಯಾರನ್ನಾದರೂ ತಡೆಯಬೇಕಾದರೆ ಅವರು ಬಾಯಿ ತೆರೆಯುತ್ತಿರಲಿಲ್ಲ. ಬಲಗೈಯನ್ನು ಭುಜದ ಮಟ್ಟಕ್ಕೆ ಎತ್ತಿ ಅಂಗೈಯನ್ನು ಎದುರಿನವರ ಮುಖಕ್ಕೆ ಹಿಡಿಯುತ್ತಿದ್ದರು, ಅಷ್ಟೇ. ಆ ಅಂಗೈಯ ಮುಂದೆ ಘನ ವಿದ್ವಾಂಸರ ದೀರ್ಘ ವಾಕ್ಯವು ಕ್ರಿಯಾಪದವನ್ನು ಕಾಣದೆ ಅಸುನೀಗುತ್ತಿತ್ತು. ಟೀ ತರುವವನ ತಟ್ಟೆ ಗಾಳಿಯಲ್ಲೇ ನಿಲ್ಲುತ್ತಿತ್ತು. ವಿಶ್ವವಿದ್ಯಾಲಯದ ನಗರ ಯೋಜನಾ ವಿಭಾಗದಲ್ಲಿ ಹಗಲೆಲ್ಲ ರಸ್ತೆ, ವೃತ್ತ, ವಾಹನಸಂಚಾರ ಎಂದು ಪಾಠ ಕೇಳುವ ಮಕ್ಕಳು ಅವರಿಗೆ ‘ಸಿಗ್ನಲ್ ಮೇಡಂ’ ಎಂದು ಹೆಸರಿಟ್ಟದ್ದು ಸಹಜವೇ. ಹುದ್ದೆಯಿಂದ ಅವರು ನಿರ್ದೇಶಕರ ಆಪ್ತ ಸಹಾಯಕಿ. ನಾನು ಅಲ್ಲಿಯ ಮರಗೆಲಸದ ಮೇಸ್ತ್ರಿ. ಅವರೆಲ್ಲ ಕಾಗದದ ಮೇಲೆ ಎಳೆದ ಊರನ್ನು ಮರದಲ್ಲಿ ಮಾಡಿ ಮೇಜಿನ ಮೇಲೆ ಇಡುವವನು.

ಮೇಡಂ ಕುಳ್ಳಗಿನ ಗಟ್ಟಿ ಆಳು. ನಡೆದರೆ ನೆಲವೇ ಅವರಿಗಾಗಿ ಹಿಂದಕ್ಕೆ ಸರಿಯುತ್ತಿದೆಯೋ ಎಂಬಂಥ ಬಿರುಸು. ಬಿರುಬೇಸಿಗೆಯಲ್ಲೂ ಮೈಮೇಲೊಂದು ಬೂದು ಕೋಟು. ಅದರ ಜೇಬುಗಳಲ್ಲಿ ಬೀಗದ ಕೈಗಳು, ಪಿನ್ನುಗಳು, ಸೀಮೆಸುಣ್ಣ, ಎಲ್ಲೆಂದರಲ್ಲಿ ಮರೆತು ಬರುವ ನಿರ್ದೇಶಕರಿಗಾಗಿ ಇನ್ನೊಂದು ಜೊತೆ ಕನ್ನಡಕ. ಕೋಟಿನ ಝಣಝಣ ಕೇಳಿದೊಡನೆ ಹರಟುತ್ತಿದ್ದ ಗುಮಾಸ್ತರ ಮುಖಗಳಲ್ಲಿ ಕರ್ತವ್ಯನಿಷ್ಠೆ ಉದಯಿಸುತ್ತಿತ್ತು.

ನನಗೆ ಮೂಗಿನ ತುದಿಯಲ್ಲೇ ಕೋಪ. ಒಮ್ಮೆ ಯಾರೋ ಪುಣ್ಯಾತ್ಮರು ನಾನು ವಾರಗಟ್ಟಲೆ ಉಜ್ಜಿ ನಯ ಮಾಡಿದ ಮರದ ಕೆರೆಯ ಮೇಲೆ ಬಿಸಿ ಟೀ ಲೋಟ ಇಟ್ಟು ಕಲೆ ಮಾಡಿದ್ದರು. ಅವರ ವಂಶವನ್ನೆಲ್ಲ ಎಳೆದು ಕೂಗಾಡುತ್ತಿದ್ದಾಗ ಬಾಗಿಲಲ್ಲಿ ಆ ಅಂಗೈ ಕಾಣಿಸಿತು.

“ಬೈದು ಮುಗೀತಾ ಮೇಸ್ತ್ರಿ, ಇನ್ನೂ ಇದೆಯಾ?”

“ಇನ್ನೂ ಇದೆ!”

“ಹಾಗಾದ್ರೆ ಹೊರಗಿರೋ ಆ ಮರದ ಹತ್ರ ಹೋಗಿ ಬೈದು ಬನ್ನಿ. ಒಳಗೆ ಅತಿಥಿಗಳಿದಾರೆ.”

ಹೋದೆ. ಮರಕ್ಕೆ ಏನೆಂದು ಬೈಯಲಿ? ತೆಪ್ಪಗೆ ವಾಪಸು ಬಂದೆ.

ಸಂಜೆ ಸ್ಕೂಟರ್ ತಂದು ಗೇಟಿನ ಬಳಿ ಕಾಯುವ ಅವರ ಯಜಮಾನರನ್ನು ನಾನೊಮ್ಮೆ ಕೇಳಿದ್ದುಂಟು: “ಮನೇಲೂ ಹೀಗೇನಾ ಸ್ವಾಮಿ?” ಆ ಸಾಧು ಮನುಷ್ಯ ಅತ್ತಿತ್ತ ನೋಡಿ ಹೇಳಿದರು: “ಇಲ್ಲಾದ್ರೂ ಆಗಾಗ ಹಸಿರು ದೀಪ ಹತ್ತುತ್ತಲ್ಲ ಅಣ್ಣಾ, ನೀವು ಅದೃಷ್ಟವಂತರು.”

ಸಭೆಗಳಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ಅವರ ಸಾಮ್ರಾಜ್ಯ. ಜಗಳವಾಡುವವರನ್ನು ಎದುರುಬದುರು ಕೂರಿಸಕೂಡದು, ಪಕ್ಕಪಕ್ಕದಲ್ಲೇ ಕೂರಿಸಬೇಕು ಎಂಬುದು ಅವರ ಸಿದ್ಧಾಂತ. “ಎದುರಿಗೆ ಕೂತ್ರೆ ಒಬ್ಬರ ಮುಖ ಒಬ್ಬರು ನೋಡ್ತಾರೆ. ಪಕ್ಕದಲ್ಲಿ ಕೂತ್ರೆ ಇಬ್ಬರೂ ನಕ್ಷೆ ನೋಡ್ತಾರೆ.” ಪರಸ್ಪರ ಮಾತು ಬಿಟ್ಟಿದ್ದ ಇಬ್ಬರು ಪ್ರಾಧ್ಯಾಪಕರು ಹಾಗೆ ಭುಜಕ್ಕೆ ಭುಜ ತಾಗಿಸಿ ಕೂತು, ಕೊನೆಗೆ ಒಂದೇ ಪೆನ್ಸಿಲಿಗೆ ಕೈಚಾಚಿದ್ದನ್ನು ನಾನೇ ಕಂಡಿದ್ದೇನೆ.

ಇಂಥ ಖಚಿತ ಮನಸ್ಸಿನವರು ತಪ್ಪುವಾಗಲೂ ಅಷ್ಟೇ ಖಚಿತವಾಗಿ ತಪ್ಪುತ್ತಾರೆ.

ರೈಲು ಹಳಿಯ ಪಕ್ಕದ ಹಳೆಯ ಕೇರಿಯೊಂದನ್ನು ಮನೆಗಳಿದ್ದಂತೆಯೇ ಉಳಿಸಿಕೊಂಡು ಸುಧಾರಿಸುವ ಯೋಜನೆಯನ್ನು ನಗರಸಭೆ ನಮ್ಮ ವಿಭಾಗಕ್ಕೆ ವಹಿಸಿತ್ತು. ಕೇರಿಯವರು ಬಂದು, ಮಾದರಿ ನೋಡಿ ಒಪ್ಪಬೇಕು. ಒಪ್ಪದಿದ್ದರೆ ಕೆಲಸ ಒಬ್ಬ ಗುತ್ತಿಗೆದಾರನ ಪಾಲು. ಅವನ ಯೋಜನೆಯಲ್ಲಿ ಅಂಗಡಿಗಳಿದ್ದವು, ಮನೆಗಳಿರಲಿಲ್ಲ. ಸಭೆಯ ಮುನ್ನಾದಿನ ನೋಡಿದರೆ ನನ್ನ ಮಾದರಿ ಸಭಾಂಗಣದ ಬಾಗಿಲಲ್ಲಿ ತೂರದು. ಯೋಜನೆಯ ಗಡಿಯೆಂದು ಅದರ ಮೇಲೊಂದು ಕೆಂಪು ಗೆರೆ ಇತ್ತು. ಗೆರೆಯ ಆಚೆ, ಚರಂಡಿ ದಾಟಿ, ಒಂದು ಸಾಲು ಮನೆ.

“ಆ ಅಂಚು ಕೊಯ್ದುಬಿಡಿ ಮೇಸ್ತ್ರಿ. ಗೆರೆ ಒಳಗಿರೋದು ಕೆಲಸ, ಆಚೆ ಇರೋದು ಅಲಂಕಾರ.”

ಒಳ್ಳೆಯ ಮರ, ಕೊಯ್ಯುವುದಿಲ್ಲ ಎಂದು ನಾನು ಹಾರಾಡಿದೆ. ಅಂಗೈ ಎದ್ದಿತು. ಕೊಯ್ದೆ.

ಮರುದಿನ ಕೇರಿಯವರ ಜೊತೆ ಹೊಲಿಗೆ ಕೆಲಸದ ಒಬ್ಬ ಅಜ್ಜಿ ಬಂದಿದ್ದರು. ಮೇಜಿನ ಸುತ್ತ ಬೆರಳು ಆಡಿಸುತ್ತ ನಡೆದರು: ಇದು ಬೋರ್‌ವೆಲ್, ಇದು ಹಿಟ್ಟಿನ ಗಿರಣಿ, ಇದು ಚರಂಡಿ. ಚರಂಡಿ ದಾಟಿದ ಬೆರಳು ಗಾಳಿಯಲ್ಲಿ ನಿಂತಿತು.

“ನನ್ನ ಮನೆ ಎಲ್ಲಿ?”

ವಿದ್ಯಾರ್ಥಿಯೊಬ್ಬಳು ಗಡಿ, ವ್ಯಾಪ್ತಿ ಎಂದು ತೊದಲಿದಳು. ಹಿಂದಿನಿಂದ ಯಾರೋ ಕೂಗಿದರು: “ಮರದಲ್ಲೇ ಎತ್ತಂಗಡಿ ಮಾಡಿದಾರೆ, ನೆಲದ ಮೇಲೆ ಬಿಡ್ತಾರಾ? ಏಳ್ರೋ ಹೋಗೋಣ!” ಕುರ್ಚಿಗಳು ಕರಕರ ಎಂದವು. ಸಿಗ್ನಲ್ ಮೇಡಂ ಮುಂದೆ ಬಂದು ಕೈ ಎತ್ತಿದರು. ಎದ್ದ ಜನ ಎದ್ದಲ್ಲೇ ನಿಂತರು. ಅಜ್ಜಿ ನಿಲ್ಲಲಿಲ್ಲ. ನೆಟ್ಟಗೆ ಅವರೆದುರಿಗೇ ಬಂದು, ಸೂಜಿ ಚುಚ್ಚಿ ಚುಚ್ಚಿ ಒರಟಾದ ತಮ್ಮ ಅಂಗೈಯನ್ನೂ ಎತ್ತಿ ಹಿಡಿದರು.

ಎರಡು ಅಂಗೈಗಳು ಎದುರುಬದುರಾದವು. ಕೆಳಗಿಳಿದದ್ದು ನಮ್ಮ ಮೇಡಂ ಅವರ ಕೈ.

ನಿರ್ದೇಶಕರು ಗಂಟಲು ಸರಿಮಾಡಿಕೊಂಡು “ತಾಂತ್ರಿಕ ಕಾರಣಗಳಿಂದ...” ಎಂದು ಆರಂಭಿಸಿದರು.

“ಬೇಡ ಸಾರ್,” ಎಂದರು ಮೇಡಂ. “ಅಜ್ಜಿ, ಕೊಯ್ಸಿದ್ದು ನಾನು. ಬಾಗಿಲು ಚಿಕ್ಕದಿತ್ತು. ನಿಮ್ಮ ಸಾಲು ಬೇಕಾಗಲ್ಲ ಅಂದ್ಕೊಂಡೆ. ತಪ್ಪಾಯ್ತು.”

“ಬಾಗಿಲು ಚಿಕ್ಕದಿದ್ರೆ ಬಾಗಿಲು ಕೊಯ್ಯಬೇಕಿತ್ತು ಕಣಮ್ಮ. ನನ್ನ ಮನೆ ಯಾಕೆ ಕೊಯ್ದೆ?”

ಮೇಡಂ ನನ್ನತ್ತ ತಿರುಗಿದರು. ಕೊಯ್ದ ತುಂಡು ನನ್ನ ಮರಗೆಲಸದ ಕೋಣೆಯಲ್ಲಿ ಗೋಂದಿನ ಡಬ್ಬಗಳನ್ನು ಹೊತ್ತು ಬಿದ್ದಿತ್ತು. ಇಬ್ಬರೂ ಹೋದೆವು; ಒಂದು ತುದಿ ನಾನು, ಇನ್ನೊಂದು ತುದಿ ಅವರು. ಪಡಸಾಲೆಯುದ್ದಕ್ಕೂ ಕೋಟು ಝಣಝಣಿಸಿತು. ತಂದು, ಬೆಂಚಿನ ಮೇಲಿಟ್ಟು, ಮೇಜಿಗೆ ಒತ್ತಿ ನಿಲ್ಲಿಸಿದೆವು. ಅಜ್ಜಿ ಬಗ್ಗಿ ತಮ್ಮ ಸೂರು ಹುಡುಕಿದರು.

“ಮೇಲೆ ಏನಿದು, ಅಂಟಂಟು?”

“ಗೋಂದು ಅಜ್ಜಿ,” ಎಂದೆ.

“ಸೋರ್ತಿತ್ತು, ಇರ್ಲಿ ಬಿಡು,” ಎಂದರು ಅಜ್ಜಿ. ಮೊದಲು ನಕ್ಕದ್ದು ಕೇರಿಯವರೇ. ಮೇಡಂ ಅಜ್ಜಿಯನ್ನು ಕರೆದೊಯ್ದು ನಗರಸಭೆಯ ಅಧಿಕಾರಿಯ ಪಕ್ಕದಲ್ಲಿ ಕೂರಿಸಿದರು. ಇಬ್ಬರೂ ನಕ್ಷೆಯನ್ನೇ ನೋಡಿದರು. ಸಭೆ ಮುಗಿಯುವಾಗ ಕೆಂಪು ಗೆರೆ ಚರಂಡಿ ದಾಟಿ ಆ ಸಾಲಿನ ಆಚೆ ಹೋಗಿತ್ತು. ಕೆಲಸ ನಮ್ಮಲ್ಲೇ ಉಳಿಯಿತು.

ಆಮೇಲೆ ಆ ತುಂಡನ್ನು ಬೆಸೆದು, ಸೀಳು ಕಾಣದಂತೆ ಉಜ್ಜಲು ಹೋದೆ. ಅಂಗೈ ಎದ್ದಿತು. “ಬೇಡ ಮೇಸ್ತ್ರಿ, ಕಾಣ್ಲಿ.” ಮತ್ತೆ ಅದೇ ಬಿರುಸಿನಲ್ಲಿ ಕಟ್ಟಡ ವಿಭಾಗದವರ ಬೆನ್ನು ಹತ್ತಿ, ಅನುಮತಿ ತಂದು, ಸಭಾಂಗಣದ ಬಾಗಿಲನ್ನು ನನ್ನ ಕೈಯಿಂದಲೇ ಕೀಳಿಸಿ ಅಗಲ ಮಾಡಿಸಿದರು. ಈಗ ಅದರಲ್ಲಿ ಇಡೀ ಕೇರಿ ಅಂಚುಸಮೇತ ಒಳಗೆ ಬರುತ್ತದೆ.

ಜನರನ್ನು ತಡೆದು ನಿಲ್ಲಿಸುವವರು ಕಚೇರಿಗೊಬ್ಬರು ಇದ್ದೇ ಇರುತ್ತಾರೆ. ನಾನು ಅಂಥವರೊಡನೆ ಬೇಕಾದಷ್ಟು ಕಾದಾಡಿದ್ದೇನೆ. ಆದರೆ ಸಿಗ್ನಲ್ ಮೇಡಂ ಬಗೆಯವರು ಬೇರೆ. ಎತ್ತಿದ ಕೈಯನ್ನು ತುಂಬಿದ ಸಭೆಯಲ್ಲಿ ಇಳಿಸಬೇಕಾಗಿ ಬಂದರೆ ಇಳಿಸುತ್ತಾರೆ, ಇಳಿಸಿದೆನೆಂದು ಕುಗ್ಗಿ ಮೂಲೆ ಸೇರುವುದಿಲ್ಲ. ಮರುದಿನ ಬೆಳಿಗ್ಗೆ ಅದೇ ಕೋಟಿನಲ್ಲಿ ಬಂದು ಅದೇ ಕೈ ಎತ್ತುತ್ತಾರೆ. ನಾವು ಮೊದಲಿಗಿಂತ ಬೇಗ ನಿಲ್ಲುತ್ತೇವೆ.