ನಲವತ್ತೆರಡು ಜನಕ್ಕೆ ಒಂದೇ ನಂಬರು

ನನ್ನ ಮೊಬೈಲಿಗೆ ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಹೆಂಗಸು ಫೋನ್ ಮಾಡುತ್ತಿದ್ದಳು. ಮನುಷ್ಯಳಲ್ಲ, ಕಂಪ್ಯೂಟರಿನವಳು. "ನಮಸ್ಕಾರ. ಭಾಗ್ಯ ಅವರೇ, ಇಂದಿನ ಔಷಧಿಯನ್ನು ಸೇವಿಸಿದ್ದೀರಾ? ಸೇವಿಸಿದ್ದರೆ ಒಂದನ್ನು ಒತ್ತಿರಿ" ಅನ್ನುವಳು. ಒತ್ತುತ್ತಿದ್ದೆ. ಇಟ್ಟು ಐದು ನಿಮಿಷವಾಗುವಷ್ಟರಲ್ಲಿ ಮತ್ತೆ ಬಂದು, "ಯಶೋಧರಾ ಅವರೇ, ನಿಮಗೀಗ ಏಳು ತಿಂಗಳು ತುಂಬಿದೆ" ಅನ್ನುವಳು. ಅವಳ ಲೆಕ್ಕದಲ್ಲಿ ನಾನೊಬ್ಬಳೇ ಆರು ಜನ ಬಸುರಿ, ಹನ್ನೊಂದು ಜನ ಬಿಪಿಯವರು, ಒಬ್ಬ ಟಿ.ಬಿ. ರೋಗಿ, ಇನ್ನೂ ಏನೇನೋ.

ನಾನು ಶಾಂತಲಾ. ಕಂಪಲಾಪುರದಿಂದ ಮೂರು ಕಿಲೋಮೀಟರ್ ಒಳಗಿರುವ ನಮ್ಮೂರಿಗೆ ಆಶಾ ಕಾರ್ಯಕರ್ತೆ. ಆರೋಗ್ಯ ಇಲಾಖೆಯ ಆ್ಯಪ್‌ಗೆ ಹೆಸರು ಸೇರಿಸುವಾಗ ಫೋನ್ ನಂಬರ್ ಕೇಳಿದರೆ ನಮ್ಮ ಹೆಂಗಸರು, "ಪೋನು ಅವ್ರತ್ರ ಐತೆ, ನಿಮ್ದೇ ಹಾಕ್ಕಳಿ ಅಕ್ಕ" ಅನ್ನುತ್ತಿದ್ದರು. ಹಾಕಿಕೊಂಡೆ. ಕಂಪ್ಯೂಟರಿನವಳು ಕೇಳಿದ್ದನ್ನು ಮನೆಮನೆಗೆ ಹೋಗಿ ಕೇಳಿ, ಮಾರನೇ ದಿನ ಒಂದನ್ನೋ ಎರಡನ್ನೋ ಒತ್ತುವುದು ನನ್ನ ಕೆಲಸವಾಯಿತು. ಗೊಣಗುತ್ತಿದ್ದೆ, ಆದರೆ ಸುಳ್ಳು ಯಾಕೆ ಹೇಳಲಿ, ನನಗದು ಹಿತವಾಗಿಯೂ ಇತ್ತು. ಊರಿನ ಹೆಂಗಸರ ಗುಟ್ಟೆಲ್ಲ ನನ್ನೊಬ್ಬಳ ಬಳಿ ಇದೆಯಲ್ಲ ಎಂಬ ಸಣ್ಣ ಜಂಬ.

ಆ ಗುಟ್ಟುಗಳಲ್ಲಿ ದೊಡ್ಡದು ಭಾಗ್ಯಳದು. ಹಾರನಹಳ್ಳಿಯಿಂದ ನಮ್ಮೂರ ದೇವರಾಜುವಿಗೆ ಮದುವೆಯಾಗಿ ಬಂದು ಎರಡು ವರ್ಷ. ಮಳೆಗಾಲದಲ್ಲಿ ಸಂಜೆಯಾದರೆ ಜ್ವರ, ಮೈ ಇಳಿದು ರವಿಕೆ ಜೋಲುತ್ತಿತ್ತು. ಕಫ ಪರೀಕ್ಷೆ ಮಾಡಿಸಿದೆ. ಟಿ.ಬಿ. ಅಂತ ಬಂತು. ಅವಳು ಆಸ್ಪತ್ರೆಯ ಗೋಡೆಗೆ ಒರಗಿಕೊಂಡು, "ಅಕ್ಕ, ನಮ್ಮತ್ತೆಗೆ ಗೊತ್ತಾದ್ರೆ ತಟ್ಟೆ ಲೋಟ ಬ್ಯಾರೆ ಮಾಡಿ, ಆಮ್ಯಾಕೆ ನನ್ನೇ ತವರಿಗೆ ಕಳ್ಸ್‌ಬುಡ್ತಾರೆ" ಅಂದಳು. ಅವಳ ಅತ್ತೆ ದೊಡ್ಡತಾಯಮ್ಮನ ಗಂಟಲು ಎಂಥದು ಅಂತ ಊರಿಗೇ ಗೊತ್ತು. ಹೇಳಬೇಡ ಅಂತ ನಾನೇ ಅಂದೆ. ಮಾತ್ರೆ ನಮ್ಮನೆಯಲ್ಲಿಟ್ಟುಕೊಂಡೆ. ಬೆಳಿಗ್ಗೆ ಪಕ್ಕದ ಡೇರಿಗೆ ಹಾಲು ಹಾಕಲು ಬಂದವಳು ಒಳಗೆ ಬಂದು ನುಂಗಿ, ಬಾಯೊರೆಸಿಕೊಂಡು ಹೋಗುವಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಅಂತ ಬೀಗಿದೆ.

ಹೀಗೆ ಮೂರು ತಿಂಗಳು ಕಳೆಯಿತು. ಆಮೇಲೆ ತಾಲ್ಲೂಕು ಆರೋಗ್ಯ ಕಚೇರಿಯಲ್ಲಿ ಸಭೆ ಕರೆದರು. ಸಭೆಗಳಲ್ಲಿ ಎರಡೇ ಸುದ್ದಿ ಇರುತ್ತವೆ: ಯಾವ ಹುದ್ದೆ ಇನ್ನೂ ಖಾಲಿ, ಯಾವ ಆ್ಯಪ್ ಹೊಸದು. ನಮ್ಮ ಆರೋಗ್ಯ ಉಪಕೇಂದ್ರದ ಸಿಸ್ಟರ್ ಕೆ.ಆರ್. ನಗರದ ಕಡೆಗೆ ವರ್ಗವಾಗಿ ಒಂದೂವರೆ ವರ್ಷ. ಆ ಕುರ್ಚಿಗೆ ಯಾರೂ ಬರಲಿಲ್ಲ. ಅವರ ಕೆಲಸವೂ ನನ್ನ ಹೆಗಲಿಗೇ ಬಿದ್ದಿತ್ತು. ಕಂಪ್ಯೂಟರ್ ವಿಭಾಗ ನೋಡುವ ರೇಣುಕಾಪ್ರಸಾದ್ ಪರದೆಯ ಮೇಲೆ ನನ್ನ ನಂಬರನ್ನೇ ಕೆಂಪು ಬಣ್ಣದಲ್ಲಿ ತೋರಿಸಿದರು.

"ಮೇಡಂ, ಒಂದೇ ನಂಬರಿಗೆ ನಲವತ್ತೆರಡು ಜನ. ಮೇಲಿನವರಿಗೆ ಇವೆಲ್ಲ ಸುಳ್ಳು ಹೆಸರು ಅಂತ ಕಾಣುತ್ತೆ."

"ಸುಳ್ಳು ಹೆಸರು ದಿನಾ ಹಾಲು ಹಾಕೋಕೆ ಬತ್ತದಾ ಸಾರ್?" ಅಂದೆ ಸಿಟ್ಟಿನಿಂದ.

ಅವರು ನಗಲಿಲ್ಲ. "ಶುಕ್ರವಾರದೊಳಗೆ ಅವರವರ ಮನೆ ನಂಬರ್ ಹಾಕಿಸಿ. ಇಲ್ಲದಿದ್ದರೆ ಹೆಸರು ತಾನಾಗೇ ಬಿದ್ದುಹೋಗುತ್ತೆ. ಹೆಸರಿಲ್ಲದಿದ್ದರೆ ಮಾತ್ರೆ ಬರಲ್ಲ. ನನ್ನ ಕೈಯಲ್ಲಿಲ್ಲ ಮೇಡಂ."

ನಲವತ್ತೊಂದು ಜನರದು ಮೂರು ದಿನದಲ್ಲಿ ಮುಗಿಯಿತು. ಉಳಿದದ್ದು ಭಾಗ್ಯ. ಅವಳ ಮನೆಯಲ್ಲಿದ್ದದ್ದು ಒಂದೇ ಫೋನು, ದೇವರಾಜುವಿನದು. ಅವನ ನಂಬರ್ ಹಾಕಿದರೆ ಆ ಕಂಪ್ಯೂಟರಿನವಳು ಅವನ ಕಿವಿಯಲ್ಲೇ ಎಲ್ಲ ಹೇಳುತ್ತಾಳೆ. ಹಾಕದಿದ್ದರೆ ಅರ್ಧ ದಾರಿಯಲ್ಲಿ ಮಾತ್ರೆ ನಿಲ್ಲುತ್ತದೆ. ಹಾಗೆ ನಿಂತ ಟಿ.ಬಿ. ಮತ್ತೆ ಬಂದರೆ ಮೊದಲಿನ ಮಾತ್ರೆಗೆ ಬಗ್ಗದೆ ಹೋಗಬಹುದು ಅಂತ ಡಾಕ್ಟರು ನಮಗೆ ಹೇಳಿಕೊಟ್ಟಿದ್ದರು.

ಗುರುವಾರ ಬೆಳಿಗ್ಗೆ ಅವಳು ಬಂದಾಗ, ಹುಣಸೂರಿನಲ್ಲಿರುವ ನನ್ನ ತಮ್ಮನ ನಂಬರ್ ಹಾಕೋಣ ಅಂದೆ. ಭಾಗ್ಯ ಹಾಲಿನ ಕ್ಯಾನು ಕೆಳಗಿಟ್ಟಳು.

"ಇನ್ನೂ ಎಷ್ಟ್ ಜನ್ರ ನಂಬರ್ ಹುಡುಕ್ತೀರಿ ಅಕ್ಕ? ಅವ್ರದೇ ಹಾಕಿ."

"ಕಳ್ಸ್‌ಬುಟ್ರೆ?"

"ಕಳ್ಸುದ್ರೆ ಹಾರನಳ್ಳೀಲೂ ಮಾತ್ರೆ ಕೊಡ್ತಾರಲ್ವಾ?" ಅಂದಳು. ಧೈರ್ಯವಾಗೇ ಅಂದು, ಕ್ಯಾನು ಎತ್ತಿಕೊಂಡಳು. ನಂಬರ್ ಹಾಕಿದೆ. ಆ ಎರಡು ದಿನ ನನಗೆ ಊಟ ಸೇರಲಿಲ್ಲ. ಒಂದು ಸಂಸಾರವನ್ನು ನನ್ನ ಕೈಯಾರೆ ಒಡೆದೆನಲ್ಲ ಅಂದುಕೊಳ್ಳುತ್ತಿದ್ದೆ.

ಶನಿವಾರ ಮಧ್ಯಾಹ್ನ ದೇವರಾಜು ಬೈಕಿನಲ್ಲಿ ಬಂದ. ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ಬೇಯಿಸುವ ಬ್ಯಾರನ್ ಮನೆ ಬಿಟ್ಟು ಗಂಡಸರು ಅಲುಗಾಡುವುದಿಲ್ಲ. ಬಂದಿದ್ದಾನೆ ಅಂದರೆ ಜಗಳಕ್ಕೇ ಅಂತ ಎದ್ದು ನಿಂತೆ.

"ಬಯ್ಯಕ್ ಬಂದಿಲ್ಲ, ಕುಂತ್ಕಳಿ ಅಕ್ಕ" ಅಂದ. "ಪೋನ್ ಬಂದಿತ್ತು. ಭಾಗ್ಯನ್ ಕೇಳ್ದೆ, ಎಲ್ಲಾ ಹೇಳುದ್ಲು. ಒಂದೇ ಒಂದ್ ಮಾತ್ ಕೇಳ್ತೀನಿ. ನಮ್ಮವ್ವ ಎರಡ್ ತಿಂಗಳಿಂದ ಕೆಮ್ತಾವ್ಳೆ. ನೀವು ವಾರವಾರ ನಮ್ಮನೇಲಿ ಕುಂತು ಕಾಫಿ ಕುಡ್ಕಂಡ್ ಓಯ್ತಿದ್ರಿ. ಆ ಕೆಮ್ಮು ನಿಮ್ಗೆ ಕೇಳ್ನಿಲ್ವಾ?"

ಕೇಳಿತ್ತು. ನಮ್ಮ ಕಡೆ ಸೊಪ್ಪಿನ ಕಾಲದಲ್ಲಿ ಯಾರು ಕೆಮ್ಮುವುದಿಲ್ಲ? ಬ್ಯಾರನ್ ಹೊಗೆಯ ಕೆಮ್ಮು, ಸೊಪ್ಪು ಮಾರಿದ ಮೇಲೆ ತಾನಾಗೇ ಹೋಗುತ್ತದೆ ಅಂತ ಎಲ್ಲರಂತೆ ನಾನೂ ಅಂದುಕೊಂಡಿದ್ದೆ. ಅದಾದರೂ ತಿಳಿಯದೆ ಆದದ್ದು. ತಿಳಿದೂ ಮಾಡಿದ್ದು ಇನ್ನೊಂದಿದೆ. ಒಬ್ಬರಿಗೆ ಟಿ.ಬಿ. ಬಂದರೆ ಮನೆಯವರೆಲ್ಲರನ್ನೂ ಪರೀಕ್ಷೆ ಮಾಡಿಸಬೇಕು. ಭಾಗ್ಯಳ ಹೆಸರು ಸೇರಿಸುವಾಗ ಆ್ಯಪ್ ಅದನ್ನು ಕೇಳಿತ್ತು, 'ಮನೆಯವರ ತಪಾಸಣೆ ಆಗಿದೆಯೇ?' ಅಂತ. ಆಗಿಲ್ಲ ಅಂದರೆ ಕಾರಣ ಬರೆಯಬೇಕಿತ್ತು. ನಾನು ಹೌದು ಅಂತ ಒತ್ತಿ ಮುಂದಿನ ಪುಟಕ್ಕೆ ಹೋಗಿದ್ದೆ.

ಹುದ್ದೆ ಖಾಲಿ ಇತ್ತು, ಕೆಲಸ ಜಾಸ್ತಿ ಇತ್ತು ಅಂತ ದೇವರಾಜುವಿಗೆ ಹೇಳಬಹುದಿತ್ತು. ಅವೆಲ್ಲ ನಿಜವೇ. ಆದರೆ ಆ ಬಟನ್ ಒತ್ತಿದ ಬೆರಳು ನನ್ನದು.

ಸೋಮವಾರ ದೊಡ್ಡತಾಯಮ್ಮನನ್ನು ಪಿರಿಯಾಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದೇವರಾಜುವಿನ ಪರೀಕ್ಷೆಯೂ ಆಯಿತು, ಅವನಿಗೇನೂ ಇರಲಿಲ್ಲ. ದೊಡ್ಡತಾಯಮ್ಮನಿಗೆ ಇತ್ತು. ಯಾರಿಂದ ಯಾರಿಗೆ ಬಂತು ಅಂತ ಹೇಳಲಾಗುವುದಿಲ್ಲ, ಬೇಗ ಬಂದಿದ್ದರೆ ಒಳ್ಳೆಯದಿತ್ತು ಅಂದರು ಡಾಕ್ಟರು. ದೇವರಾಜು ಔಷಧಿ ತರಲು ಹೋದ. ನಾವಿಬ್ಬರೂ ಹೊರಗೆ ಬೆಂಚಿನ ಮೇಲೆ ಕೂತೆವು.

ದೊಡ್ಡತಾಯಮ್ಮ ಆ ಗಂಟಲು ತಗ್ಗಿಸಿ ಕೇಳಿದರು, "ನಾನೇನ್ ಹುಲಿಯಾ ಕರಡಿಯಾ ಕಣವ್ವ? ಅವ್ಳು ಸೊಸೆ, ಅತ್ತೆ ಅಂದ್ರೆ ಎದ್ರುಕತಾಳೆ, ಸರಿ ಬುಡು. ನೀನ್ಯಾಕವ್ವ ಎದ್ರುಕಂಡೆ?"

ನಾನು ಹೆದರಿರಲಿಲ್ಲ. ಈ ಮುದುಕಿ ಸೊಸೆಯನ್ನು ಹೊರಗೆ ಹಾಕೇ ಹಾಕುತ್ತಾರೆ ಅಂತ, ಅವರನ್ನು ಒಂದು ಮಾತೂ ಕೇಳದೆ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಅದಕ್ಕೆ ಕರುಣೆ ಅಂತ ಬೇರೆ ಹೆಸರಿಟ್ಟುಕೊಂಡಿದ್ದೆ. ಇದನ್ನೆಲ್ಲ ಅವರಿಗೆ ಹೇಗೆ ಹೇಳುವುದು?

"ತಪ್ಪಾಯ್ತು ದೊಡ್ಡಮ್ಮ" ಅಂದೆ.

ಅವರು ಸೆರಗಿನಿಂದ ಬಾಯಿ ಮುಚ್ಚಿ ಕೆಮ್ಮಿದರು. ಕೆಮ್ಮು ನಿಂತ ಮೇಲೆ ನನ್ನ ಕಡೆ ತಿರುಗಿದರು.

"ಅದ್ನ ನನ್ ಸೊಸೆಗ್ ಹೇಳು, ಓಗು. ಮೂರ್ ತಿಂಗಳು ಒಬ್ಳೇ ಮಾತ್ರೆ ನುಂಗವ್ಳೆ, ನಾನ್ ಮನೇಲಿದ್ರೂವೆ."