ಕೆನ್ನೆ ತುಂಬುವಷ್ಟು ಉಸಿರು

ಚಳಿಗಾಲ ಆಗಷ್ಟೇ ಕಾಲಿಟ್ಟಿತ್ತು. ಬೆಳಿಗ್ಗೆ ಹತ್ತರ ಹೊತ್ತು. ಎಲ್ಲರೂ ಕೆಲಸಕ್ಕೆ ಹೋಗಿ ಕಟ್ಟಡದ ಮೆಟ್ಟಿಲುಗಳಲ್ಲಿ ಸದ್ದಡಗಿತ್ತು. ನಾನು ಟೈಲರ್ ಕೊಟ್ಟುಹೋದ ಅಂಗಿಗಳಿಗೆ ಕಾಜಾ ಹೊಲಿಯುತ್ತ ಕೂತಿದ್ದೆ. ಎದುರು ಮನೆಯ ಹುಡುಗಿ, ಬಸ್ ಡ್ರೈವರನ ಹೆಂಡತಿ, ಒಳಗೆ ನುಗ್ಗಿದಳು. ಕೈಯಲ್ಲಿ ತಿಂಗಳ ಕೂಸು. ತುಟಿ ನೀಲಿ, ಕತ್ತು ಜೋಲುತ್ತಿತ್ತು.

"ಅಜ್ಜಿ, ಉಸಿರಾಡ್ತಿಲ್ಲ!"

ಅಷ್ಟು ಹೇಳಿ ಗೋಡೆಗೊರಗಿ ಕುಸಿದಳು. ಆಂಬುಲೆನ್ಸಿಗೆ ಹಚ್ಚಿದ್ದ ಫೋನು ಅವಳ ಮುಷ್ಟಿಯೊಳಗೇ ಕೂಗುತ್ತಿತ್ತು. ಅಂಗಿಗಳನ್ನು ನೆಲಕ್ಕೆ ತಳ್ಳಿ ಕೂಸನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದೆ. ಮೈ ತಣ್ಣಗಿತ್ತು.

"ಅಮ್ಮಾ, ಮಗೂನ ಬಾಯಿ, ಮೂಗು ಎರಡನ್ನೂ ನಿಮ್ಮ ಬಾಯಲ್ಲಿ ಮುಚ್ಚಿ," ಎಂದಳು ಫೋನಿನ ಹೆಂಗಸು. "ಮೆತ್ತಗೆ ಊದಿ. ಕೆನ್ನೇಲಿ ಹಿಡಿಯೋಷ್ಟು ಗಾಳಿ ಸಾಕು."

ಊದಿದೆ. ಪುಟ್ಟ ಎದೆ ಮೇಲೆದ್ದು ಇಳಿಯಿತು. ಮತ್ತೆ ಅಲುಗಲಿಲ್ಲ.

"ಈಗ ಎರಡು ಬೆರಳು ಎದೆ ನಡುವೆ ಇಟ್ಟು ಒತ್ತಿ. ಬೇಗ ಬೇಗ. ನಾನು ಎಣಿಸ್ತೀನಿ."

"ಎಲುಬು ಮುರಿದುಹೋದ್ರೆ ಏನ್ ಮಾಡ್ಲಿ ತಾಯಿ?"

"ಅದೆಲ್ಲ ಆಮೇಲೆ. ಒತ್ತಿ!"

ಒತ್ತಿದೆ, ಊದಿದೆ, ಮತ್ತೆ ಒತ್ತಿದೆ. ಸುತ್ತು ಎಷ್ಟಾದವೋ ಕಾಣೆ. ನಲವತ್ತು ವರ್ಷ ಸೂಜಿ ಹಿಡಿದು ಬೆರಳಿಗೆ ಜಡ್ಡು ಕಟ್ಟಿತ್ತು. ಆ ಎಳೆ ಚರ್ಮದ ಮೇಲೆ ಅದು ಎಷ್ಟು ಒರಟಾಗಿತ್ತೋ. ಆಮೇಲೆ ನನ್ನ ಬಾಯೊಳಗೇ ಏನೋ ಮಿಸುಕಿದಂತಾಯಿತು. ಕೂಸು ಹಾಲು ಕಕ್ಕಿ, ಬೆಕ್ಕಿನ ಮರಿಯಂತೆ ಒಂದು ಸಲ ಅತ್ತಿತು. ಫೋನಿನವಳೂ ಮೂಗೆಳೆದಳು. ಆಂಬುಲೆನ್ಸಿನವರು ಬಂದು ತಾಯಿ ಮಗುವನ್ನು ಕರೆದೊಯ್ದರು.

ಎರಡು ವಾರಕ್ಕೆ ಕೂಸು ಗಟ್ಟಿಯಾಗಿ ಆಸ್ಪತ್ರೆಯಿಂದ ಮರಳಿತು. ಡ್ರೈವರ್ ಬಾಗಿಲಲ್ಲೇ ನಿಂತು ಕೈಮುಗಿದ.

"ನಮ್ಮ ಪುಟ್ಟ ಸಾಹೇಬ್ರು ಈಗ ಅತ್ತೂ ಅತ್ತೂ ಮನೆಯೆಲ್ಲ ಒಂದು ಮಾಡ್ತಾರೆ ಅಜ್ಜಿ. ನಿಮ್ಮ ಉಸಿರು ಕುಡಿದೂ ನಿಮ್ಮ ಮೌನ ಮಾತ್ರ ಕಲೀಲಿಲ್ಲ ನೋಡಿ."

ನಗು ಬಂತು. ನನಗೆ ಇದ್ದ ಆಸೆ ಒಂದೇ. ತಣ್ಣಗಿದ್ದಾಗ ಮುಟ್ಟಿದ ಆ ಕೂಸನ್ನು ಬೆಚ್ಚಗಿರುವಾಗ ಒಮ್ಮೆ ಎತ್ತಿಕೊಳ್ಳಬೇಕು. ಹಡೆದವಳಲ್ಲ ನಾನು, ಮಗುವಿನ ಬಾಯಿ ನನ್ನ ಮುಖಕ್ಕೆ ತಾಗಿದ್ದು ಅವತ್ತೇ ಮೊದಲು. ಆದರೆ ಹುಡುಗಿ ನನ್ನ ಕಂಡರೆ ಕೂಸನ್ನು ಸೆರಗಿನಡಿ ಮುಚ್ಚಿಕೊಂಡು ಒಳಸರಿಯುತ್ತಿದ್ದಳು. ನಾನು ಮೆಟ್ಟಿಲಿಳಿದರೆ ಅವಳು ಹತ್ತುವುದನ್ನು ನಿಲ್ಲಿಸಿ ಕೆಳಗೇ ಕಾಯುತ್ತಿದ್ದಳು.

ಒಂದು ದಿನ ನಲ್ಲಿಯ ಹತ್ತಿರ ಅವಳೇ ಬಾಯಿಬಿಟ್ಟಳು.

"ಬೇಜಾರು ಮಾಡ್ಕೋಬೇಡಿ ಅಜ್ಜಿ. ನಿಮ್ಮ ಮುಖ ಕಂಡ್ರೆ ಅವನು ಆ ಮೇಜಿನ ಮೇಲೆ ನೀಲಿಯಾಗಿ ಮಲಗಿದ್ದೇ ಕಾಣುತ್ತೆ. ರಾತ್ರಿಯೆಲ್ಲ ಅವನ ಮೂಗಿಗೆ ಕೈ ಹಿಡ್ಕೊಂಡು ಕೂತಿರ್ತೀನಿ. ಬೇರೆ ಮನೆ ನೋಡಿದೀವಿ."

"ಒಂದ್ಸಲ ಎತ್ಕೊಳ್ಲೇನೇ, ಮಗಳೇ?" ಎನ್ನುವುದು ನಾಲಿಗೆ ತುದಿಗೆ ಬಂದಿತ್ತು. ಅದನ್ನು ಅಲ್ಲೇ ನುಂಗಿಕೊಂಡೆ.

"ಹೋಗ್ಬನ್ನಿ. ಎಲ್ಲಿದ್ರೂ ಚೆನ್ನಾಗಿರಿ," ಎಂದೆ. ಅವಳ ಕೊಡ ತುಂಬಿ ಚೆಲ್ಲುತ್ತಿತ್ತು, ನಲ್ಲಿ ನಿಲ್ಲಿಸಿದೆ.

ಸಾಮಾನು ಸಾಗಿಸುವ ದಿನ ಬಾಗಿಲು ಹಾಕಿಕೊಂಡು ಒಳಗೇ ಉಳಿದೆ. ಹೊಸ ಮನೆಗೆ ಹೊರಟವಳಿಗೆ ನನ್ನ ಮುಖ ಎದುರಾಗುವುದು ಬೇಡ. ಮಂಚ ಇಳಿಸುವ ಸದ್ದು ಕೇಳಿತು, ಪಾತ್ರೆಗಳ ಸದ್ದು ಕೇಳಿತು, ಕೊನೆಗೆ ಕೂಸಿನ ಅಳು. ಕೆಳಗಿನ ಮೆಟ್ಟಿಲವರೆಗೂ ಗಂಟಲು ಹರಿಯುವಂತೆ ಅಳುತ್ತಲೇ ಹೋಯಿತು. ಅಪ್ಪ, ಅಮ್ಮ, ಸಾಹೇಬ, ಮೂವರೂ ಹೋದರು. ಆ ಉಸಿರು ಗಟ್ಟಿಯಾಗಿತ್ತು.