ಮಂಕು ಹರಳುಗಳು

ಹೊಳೆಯ ಮರಳನ್ನು ಮುಂದಿಟ್ಟುಕೊಂಡು ಬೆಟ್ಟದ ವಯಸ್ಸು ಹೇಳುವ ಕೆಲಸ ನಾದಿನಿಯದು. ಮರಳಿನಿಂದ ಹರಳು ಆರಿಸಿಕೊಡುವ ಕೆಲಸ ಅವಳ ಅತ್ತಿಗೆಯದು. ಅಣ್ಣನ ಹೆಂಡತಿಯನ್ನೇ ತಂದು ಕೂರಿಸಿಕೊಂಡಳು ಎಂದು ಮೊದಲು ಆಡಿಕೊಂಡವರು, ಆ ಕೈಯ ನಯ ನೋಡಿ ಬಾಯಿ ಮುಚ್ಚಿದ್ದರು.

ಬಂಡೆ ನೆಲದಾಳದ ಬಿಸಿಯಲ್ಲಿರುವ ತನಕ ಅದರೊಳಗಿನ ಜಿರ್ಕಾನ್ ಹರಳಿನಲ್ಲಿ ಯಾವ ಗುರುತೂ ನಿಲ್ಲುವುದಿಲ್ಲ. ಬೆಟ್ಟ ಎದ್ದು, ಬಂಡೆ ಮೇಲೆ ಬಂದು ತಣ್ಣಗಾದ ಮೇಲೆ ಒಳಗೊಳಗೇ ಸಣ್ಣ ಗೀರುಗಳು ಬೀಳತೊಡಗುತ್ತವೆ. ಕಾಲ ಕಳೆದಷ್ಟೂ ಗೀರು ಹೆಚ್ಚು. ಬೆಟ್ಟ ಸವೆದು ಹರಳು ಹೊಳೆಗೆ ಬಿದ್ದರೂ ಗೀರು ಅಳಿಯುವುದಿಲ್ಲ. ಅದನ್ನು ಎಣಿಸಿದರೆ ಬೆಟ್ಟ ಎದ್ದ ಕಾಲ ತಿಳಿಯುತ್ತದೆ.

ಈ ಸಲ ಎಣಿಸಿದ ಹರಳುಗಳೆಲ್ಲ ಗೀರು ಕಡಿಮೆಯಿದ್ದ ಎಳೆಯವು. ಅಂದರೆ ಬೆಟ್ಟ ಎದ್ದದ್ದು ಇತ್ತೀಚೆಗೆ, ಒಂದೇ ಉಸಿರಿಗೆ. ಸೋಮವಾರ ಸಂಸ್ಥೆಯ ಹಿರಿಯರ ಸಭೆಯಲ್ಲಿ ಈ ಮಾತು ನಿಂತರೆ ಮೇಲಿನ ಕಣಿವೆಯ ಹೊಸ ಕೆಲಸ ನಾದಿನಿಗೆ. ನಿಲ್ಲದಿದ್ದರೆ ಇದೇ ಕೆಲಸ ಮಾಡುವ ಪಕ್ಕದ ಕೋಣೆಯವನಿಗೆ. ಆ ಕಣಿವೆಗಾಗಿ ಅವಳು ವರ್ಷಗಟ್ಟಲೆ ಕಾದಿದ್ದಳು.

ಶನಿವಾರ, ಸಭೆಯಲ್ಲಿ ತೋರಿಸಲು ಒಂದು ಚಿತ್ರ ಬೇಕೆಂದು, ಆರಿಸಿ ಉಳಿದ ಮರಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಕಣ್ಣಿಟ್ಟವಳು ತಲೆಯೆತ್ತಲಿಲ್ಲ. ಗಾಜಿನ ತಟ್ಟೆಯ ತುಂಬ ಜಿರ್ಕಾನೇ. ಕೆಂಪಗೆ, ಮಂಕಾಗಿ, ಮೂಲೆ ಸವೆದು ಗುಂಡಗಾದವು.

"ಅತ್ತಿಗೆ, ಇವನ್ನ ಯಾಕೆ ಬಿಟ್ರಿ?"

"ಆ ಕೊಳಕನ್ನಾ? ಕಾಳು ಆರಿಸೋವಾಗ ಹುಳುಕನ್ನ ಯಾರಾದ್ರೂ ಡಬ್ಬಿಗೆ ಹಾಕ್ತಾರಾ?"

"ಇವೂ ಲೆಕ್ಕಕ್ಕೆ ಸೇರ್ಬೇಕಿತ್ತು."

"ಎಷ್ಟು ಬೇಕು ಅಂದೆ, ಅಷ್ಟು ಕೊಟ್ಟೆ. ಹೋದ ಸಲ ನೋಡಿ ಗಾಜಿನ ಹಾಗಿದೆ ಅಂತ ಹಿಗ್ಗಿದವಳು ನೀನೇ ಅಲ್ವೇನೇ?"

ಅದೂ ನಿಜ. ಗೀರು ಹೆಚ್ಚಾದಂತೆ ಹರಳು ಮಂಕಾಗುತ್ತದೆಂದು ನಾದಿನಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿಕೊಟ್ಟಿರಲಿಲ್ಲ. ಮುದುಕರನ್ನೆಲ್ಲ ಹೊರಗೆ ನಿಲ್ಲಿಸಿ, ಈ ಊರಲ್ಲಿ ಬರೀ ಎಳೆಯರೇ ಇದ್ದಾರೆ ಎಂದು ಸಾರಲು ಹೊರಟ ಹಾಗಾಗಿತ್ತು.

"ತಪ್ಪಾಗಿದ್ರೆ ಚೆಲ್ಲಿಬಿಡ್ಲಾ?" ಅತ್ತಿಗೆ ತಟ್ಟೆಗೆ ಕೈ ಹಾಕಿದಳು.

ಚೆಲ್ಲಿದರೆ ಕೇಳುವವರಿರಲಿಲ್ಲ. ನಾದಿನಿಯ ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ಬೇಡ, ಕೂತ್ಕೊಳ್ಳಿ. ಈ ಅಂಚಿಂದ ಆ ಅಂಚಿಗೆ ಗೆರೆ ಹಿಡೀರಿ. ಗೆರೆ ಮೇಲೆ ಬಂದ ಜಿರ್ಕಾನನ್ನೆಲ್ಲ ಎತ್ತಿ. ಮುಖ ನೋಡ್ಬೇಡಿ."

"ಮುಖ ನೋಡದೆ ಆರಿಸಿದ್ದು ನಾನು ಒಂದೇ ಸಲ, ನಿಮ್ಮಣ್ಣನ್ನ. ಹೆಂಗಾಯ್ತು ನೋಡಿದ್ಯಲ್ಲ."

ನಗುವ ಮನಸ್ಸಿರಲಿಲ್ಲ, ಆದರೂ ನಾದಿನಿಗೆ ನಗು ಬಂತು.

ಹೊಸದಾಗಿ ಎತ್ತಿದ ಹರಳನ್ನು ನಯ ಮಾಡಿ, ಗೀರು ಕಾಣುವಂತೆ ಮಾಡಿ, ಎಣಿಸಿ ಮುಗಿಸಲು ತಿಂಗಳುಗಳೇ ಬೇಕು. ಸೋಮವಾರ ಅವಳು ಎದ್ದು ನಿಂತು, "ನಾನು ಕೇಳಿದ್ದು ಅರ್ಧ ಮರಳಿನ ಮಾತು. ಇನ್ನರ್ಧ ಕೇಳೋ ತನಕ ಬೆಟ್ಟದ ವಯಸ್ಸು ಹೇಳಲಾರೆ," ಎಂದಳು. ಹಿರಿಯರು ತಲೆದೂಗಿದರು, ಮೆಚ್ಚಿಕೊಂಡರು. ಕಣಿವೆಯನ್ನು ಪಕ್ಕದ ಕೋಣೆಯವನಿಗೆ ಕೊಟ್ಟರು.

ಎಣಿಕೆ ಮುಗಿದಾಗ ಹಿಮ ಕರಗಿ ಮೇಲಿನ ಕಣಿವೆಯ ದಾರಿ ತೆರೆದಿತ್ತು. ಒಂದು ಪಾಲು ಹರಳು ಎಳೆಯವು, ಇನ್ನೊಂದು ಪಾಲು ಅವುಗಳ ಮುತ್ತಜ್ಜಂದಿರು. ಬೆಟ್ಟ ಒಮ್ಮೆ ಎದ್ದು, ಯುಗಗಟ್ಟಲೆ ಸುಮ್ಮನಿದ್ದು, ಮತ್ತೆ ಎದ್ದಿತ್ತು.

ನಾದಿನಿ ಪಕ್ಕದ ಕೋಣೆಗೆ ಹೋದಳು. ಅವನು ಕಣಿವೆಯಿಂದ ಮರಳು ತರಲು ಖಾಲಿ ಚೀಲಗಳನ್ನು ಕಟ್ಟುತ್ತಿದ್ದ.

"ಎರಡು ಸಲ ಎದ್ದಿದೆ. ಮಂಕಾದವನ್ನ ಬಿಡ್ಬೇಡ."

"ನಿನಗೆ ಬೇಜಾರಿಲ್ವಾ?"

"ಇದೆ," ಎಂದಳು ಅವಳು. ಚೀಲದ ಇನ್ನೊಂದು ತುದಿ ಹಿಡಿದುಕೊಂಡಳು.